ಕೋಚ್ ಥ್ಯಾಂಕ್ಸ್ ಹೇಳಿದ ದಿನ

ಆ ದಿನ ಬೆಳಿಗ್ಗೆ ಆರೂಕಾಲಿಗೆ ಕಾಲೇಜಿನ ಚರಿತ್ರೆಯಲ್ಲಿ ಹಿಂದೆಂದೂ ನಡೆಯದಿದ್ದ ಘಟನೆಯೊಂದು ನಡೆಯಿತು. ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು, ಗ್ರಂಥಾಲಯದ ಚಾವಣಿ ಕುಸಿದದ್ದು, ಮಂತ್ರಿಯೊಬ್ಬರು ಬಂದು ಐದೇ ನಿಮಿಷದಲ್ಲಿ ಭಾಷಣ ಮುಗಿಸಿದ್ದು, ಇವೆಲ್ಲ ಅದರ ಮುಂದೆ ತೀರಾ ಸಣ್ಣ ಸಂಗತಿಗಳು. ವಾಲಿಬಾಲ್ ಕೋಚ್, ನೆಟ್ ಕಟ್ಟುವವನಿಗೆ ಥ್ಯಾಂಕ್ಸ್ ಹೇಳಿದರು.

ಇದರ ತೂಕ ತಿಳಿಯಬೇಕಾದರೆ ಕೋಚ್ ಎಂಥವರೆಂದು ತಿಳಿದಿರಬೇಕು. ಮೂವತ್ತೊಂದು ವರ್ಷದಿಂದ ಅವರು ಅದೇ ಕಾಲೇಜಿನ ಹುಡುಗಿಯರ ಟೀಮಿಗೆ ಆಟ ಕಲಿಸುತ್ತಿದ್ದರು. ಈ ಮೂವತ್ತೊಂದು ವರ್ಷದಲ್ಲಿ ಯಾರನ್ನೂ ಹೊಗಳಿದವರಲ್ಲ. ಹೊಗಳಿದರೆ ಆಟಗಾರರ ಕಾಲು ನೆಲ ಬಿಡುತ್ತದೆ, ತಾನು ಹೇಳಿದಾಗ ಮಾತ್ರ ಕಾಲು ನೆಲ ಬಿಡಬೇಕು ಎನ್ನುವುದು ಅವರ ಸಿದ್ಧಾಂತ. ಬಾಲ್ ಕೈಬಿಟ್ಟವಳಿಗೆ, "ಸಾಲ ಕೇಳೋಕೆ ಬಂದವರನ್ನ ನೋಡಿದ ಹಾಗೆ ಯಾಕಮ್ಮ ಪಕ್ಕಕ್ಕೆ ಸರಿದೆ?" ಎನ್ನುವರು. ನಿಧಾನವಾಗಿ ಸರ್ವ್ ಮಾಡಿದವಳಿಗೆ, "ಬಾಲಿಗೆ ದಾರಿಯಲ್ಲಿ ಹಸಿವಾಗುತ್ತೆ, ಬುತ್ತಿ ಕಟ್ಟಿ ಕಳಿಸು" ಎನ್ನುವರು. ಅವರ ಬಾಯಿಂದ ಬರಬಹುದಾದ ಅತ್ಯುನ್ನತ ಪ್ರಶಸ್ತಿ "ಪರವಾಗಿಲ್ಲ". ಅದನ್ನು ಪಡೆದವರು ಒಟ್ಟು ನಾಲ್ಕು ಜನ. ಅವರಲ್ಲೊಬ್ಬಳು ಈಗ ಹಲ್ಲಿನ ಡಾಕ್ಟರಾಗಿದ್ದು, ರೋಗಿಗಳ ಬಾಯಿ ತೆರೆಸಿಟ್ಟುಕೊಂಡು ಆ ಕತೆ ಹೇಳುತ್ತಾಳೆಂದು ವರದಿ.

ಕಾರಣ ಮಾತ್ರ ಕಾಫಿ ಲೋಟದಷ್ಟು ಸಣ್ಣದು. ಇನ್ನು ಹನ್ನೆರಡು ದಿನಕ್ಕೆ ಕೋಚ್ ನಿವೃತ್ತರಾಗಬೇಕಿತ್ತು. ಅದಾಗಿ ಒಂದು ವಾರಕ್ಕೆ ಅಂತರ ಕಾಲೇಜು ಫೈನಲ್. ಹಿಂದೆ ಆರು ಸಲ ಫೈನಲಿಗೆ ಹೋಗಿ ಆರು ಸಲವೂ ಸೋತು ಬಂದಿದ್ದ ಕೋಚಿಗೆ ಏಳನೆಯ ಸಲ ಆ ಬೆಂಚಿನ ಮೇಲೆ ಕೂರಲೇಬೇಕಿತ್ತು. ನಾಲ್ಕು ತಿಂಗಳ ಮಟ್ಟಿಗೆ ಸೇವೆ ಮುಂದುವರಿಸಿ ಎಂದು ಅರ್ಜಿ ಕೊಟ್ಟಿದ್ದರು. ಸಂಜೆ ನಾಲ್ಕಕ್ಕೆ ಆಡಳಿತ ಸಮಿತಿಯ ಸಭೆ.

ಕಾಫಿ ಕೊಡುತ್ತ ಹೆಂಡತಿ ಕೇಳಿದರು: "ಬರೀ ಅರ್ಜಿ ಕೊಟ್ರೆ ಮುಗೀತಾ? ಆ ಕಾಲೇಜಲ್ಲಿ ಒಬ್ಬರಿಗಾದ್ರೂ ಒಂದು ಒಳ್ಳೆ ಮಾತಾಡಿದೀರಾ? ಯಾರು ನಿಮ್ಮ ಪರ ನಿಲ್ತಾರೆ?"

"ಎಲ್ಲಾನೂ ಬಾಯಿ ಬಿಟ್ಟು ಹೇಳ್ಬೇಕಾ?"

"ಹೇಳ್ಬೇಕು. ನನಗೇ ಒಂದು ದಿನ ಹೇಳಿದ್ದು ನೆನಪಿಲ್ಲ."

"ಯಾಕೆ, ಹೋದ ವರ್ಷ ಊಟ ಪರವಾಗಿಲ್ಲ ಅಂದಿದ್ನಲ್ಲ."

"ಅದು ಪಕ್ಕದ ಮನೆಯವರು ಕಳಿಸಿದ್ದು."

ಕೋಚ್ ಶೂ ಕಟ್ಟಿಕೊಂಡು ಹೊರಟರು. ಆದರೆ ಮಾತು ಶೂ ಒಳಗೆ ಸೇರಿಕೊಂಡ ಕಲ್ಲಿನಂತೆ ದಾರಿಯುದ್ದಕ್ಕೂ ಚುಚ್ಚಿತು. ಮೈದಾನಕ್ಕೆ ಬಂದಾಗ ನೆಟ್ ಎಂದಿನಂತೆ ಬಿಗಿಯಾಗಿ, ಸರಿಯಾದ ಎತ್ತರಕ್ಕೆ ನಿಂತಿತ್ತು. ಕೋಚ್ ದಿನವೂ ಅಳತೆಕೋಲು ಹಿಡಿದು, ತಪ್ಪು ಸಿಗದಿದ್ದರೆ ಕಂಬವನ್ನಾದರೂ ಬೈದು ಆಟ ಶುರು ಮಾಡಿಸುವವರು. ಅಂದು ಕೋಲು ಎತ್ತಲಿಲ್ಲ. ಇಪ್ಪತ್ತು ವರ್ಷ ತಾನು ಬರುವ ಮೊದಲೇ ಬಂದು ನೆಟ್ ಕಟ್ಟಿದವನನ್ನು ಒಂದು ಸಲವೂ ಸರಿಯಾಗಿ ನೋಡಿಲ್ಲವಲ್ಲ ಎನಿಸಿ, ಅವನ ಕಡೆಗೇ ನಡೆದರು.

ಅವನನ್ನು ಎಲ್ಲರೂ ನೆಟ್ಟಣ್ಣ ಎನ್ನುತ್ತಿದ್ದರು. ಹಗ್ಗ ಬಿಗಿಯುತ್ತಿದ್ದ ಅವನ ಹೆಗಲ ಮೇಲೆ ಕೋಚ್ ಕೈಯಿಟ್ಟರು. "ನೀನಿಲ್ದಿದ್ರೆ ಈ ಟೀಮೇ ಇರ್ತಿರ್ಲಿಲ್ಲ ಕಣಪ್ಪ. ಥ್ಯಾಂಕ್ಸ್."

ನೆಟ್ಟಣ್ಣನ ಕೈಯಿಂದ ಹಗ್ಗ ಜಾರಿತು. ನೆಟ್ ಮೂರ್ಛೆ ಹೋದವರಂತೆ ಕುಸಿಯಿತು.

"ಏನ್ ತಪ್ಪಾಯ್ತು ಸಾರ್?"

"ತಪ್ಪೇನಿಲ್ಲ."

"ಇಪ್ಪತ್ತು ವರ್ಷದಿಂದ ದಿನಾ ಏನಾದ್ರೂ ಒಂದು ಇರ್ತಿತ್ತಲ್ಲ ಸಾರ್?"

"ಇವತ್ತು ಏನೂ ಇಲ್ಲ. ಎಲ್ಲಾ ಚೆನ್ನಾಗಿದೆ" ಎಂದು ಕೋಚ್ ಮುಗುಳ್ನಕ್ಕರು. ಆ ಮುಖಕ್ಕೆ ಮುಗುಳ್ನಗೆಯ ಅಭ್ಯಾಸವಿರಲಿಲ್ಲ. ಹಲ್ಲುನೋವಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನೆಟ್ಟಣ್ಣ ಹಗ್ಗವನ್ನು ಅಲ್ಲೇ ಬಿಟ್ಟು ಆಫೀಸಿನ ಕಡೆಗೆ ಓಡಿದ.

ಹುಡುಗಿಯರೇ ನೆಟ್ ಮತ್ತೆ ಎತ್ತಿ ಕಟ್ಟಿದರು, ಆದರೆ ಪ್ರಾಕ್ಟೀಸಿನ ಗತಿ ಇನ್ನೂ ಕೆಟ್ಟಿತು. ಹಾರಿ ಹೊಡೆಯುವ ಸ್ಪೈಕರಿಗೆ ಬಾಲ್ ಎತ್ತಿಕೊಡುವ ಹುಡುಗಿಗೆ ಕಡ್ಡಿ ಎಂದು ಅಡ್ಡಹೆಸರು. ಅವಳು ಒಂದು ಬಾಲನ್ನು ಮೃದುವಾಗಿ, ದೀಪ ಎತ್ತಿಟ್ಟ ಹಾಗೆ ಎತ್ತಿದಳು. ಕೋಚ್ ತಡೆಯಲಾರದೆ, "ತುಂಬಾ ಚೆನ್ನಾಗಿತ್ತಮ್ಮ" ಎಂದುಬಿಟ್ಟರು. ಕಡ್ಡಿ ಅಲ್ಲೇ ಕಲ್ಲಾದಳು. ಹೊಡೆಯಲು ಹಾರಿದ್ದ ಹುಡುಗಿ ಗಾಳಿಯಲ್ಲೇ ಹಿಂದಿರುಗಿ ನೋಡಿ ನೆಟ್ಟಿಗೆ ಸಿಕ್ಕಿಹಾಕಿಕೊಂಡಳು. ಬಾಲ್ ಬಂದು ಕಡ್ಡಿಯ ತಲೆಗೆ ಬಿತ್ತು. ಅವಳು ಅಳತೊಡಗಿದಳು, ಪೆಟ್ಟಿಗಲ್ಲ.

"ಸಾರ್, ನಮ್ಮನ್ನ ಬಿಟ್ಟು ಹೋಗ್ತಿದೀರಾ?"

"ಇಲ್ಲಮ್ಮ, ಇರೋಕೇ ನೋಡ್ತಿದೀನಿ" ಎಂದರು ಕೋಚ್. ಅದನ್ನು ಕೇಳಿ ಇನ್ನೂ ಐವರು ಅತ್ತರು.

ಆಫೀಸು ತೆರೆಯುವಷ್ಟರಲ್ಲಿ ಅಲ್ಲಿ ಸುದ್ದಿಗೆ ಕಾಲು ಮಾತ್ರವಲ್ಲ, ಚಕ್ರವೂ ಮೂಡಿತ್ತು. ಹೆಡ್ ಕ್ಲರ್ಕು ನೆಟ್ಟಣ್ಣನ ಹೇಳಿಕೆಯನ್ನು ನ್ಯಾಯಾಧೀಶರಂತೆ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಟ್ಟರು: "ನಮ್ಮ ಸೋದರಮಾವನೂ ಹೀಗೇ ಕಣಯ್ಯ. ಜೀವಮಾನವೆಲ್ಲ ಉರಿದು ಬಿದ್ದು, ಒಂದು ಗುರುವಾರ ಎಲ್ಲರನ್ನೂ ಕರೆದು ಹೊಗಳಿದ. ಶನಿವಾರ ಇಲ್ಲ."

"ಅಯ್ಯೋ. ಹಾಗಾದ್ರೆ ಡಾಕ್ಟರ್ ಏನೋ ಹೇಳಿದಾರೆ ಸಾರ್ಗೆ."

ಹೆಡ್ ಕ್ಲರ್ಕು ಊಹೆಯ ಮೇಲೆ ನಡೆಯುವ ಮನುಷ್ಯರಲ್ಲ, ಏನಿದ್ದರೂ ಪರಿಶೀಲನೆ ಆಗಬೇಕು. ಕೋಚ್ ಮನೆಗೆ ಫೋನ್ ಮಾಡಿದರು. "ಅಮ್ಮಾ, ಸಾರ್ ಆರೋಗ್ಯ ಹೇಗಿದೆ?"

"ಗುಂಡುಕಲ್ಲಿನ ಹಾಗಿದಾರೆ. ಯಾಕೆ?"

"ಸುಮ್ನೆ ಕೇಳ್ದೆ ಅಮ್ಮಾ." ಫೋನಿಟ್ಟು, ಕನ್ನಡಕ ತೆಗೆದು, ನೆಟ್ಟಣ್ಣನಿಗೆ ಹೇಳಿದರು: "ಪಾಪ, ಹೆಂಡತಿಗೂ ಹೇಳಿಲ್ಲ."

ಇನ್ನು ಪುರಾವೆ ಬೇಕಿರಲಿಲ್ಲ. ಅಷ್ಟರಲ್ಲಿ ಪುರಾವೆಯೇ ಬಾಗಿಲಲ್ಲಿ ಬಂದು ನಿಂತಿತು. "ಹೆಡ್ ಕ್ಲರ್ಕ್ರೇ," ಎಂದರು ಕೋಚ್, "ನನ್ನ ಪ್ರತಿ ಪತ್ರಾನೂ ಮೂರು ಮೂರು ಸಲ ವಾಪಸ್ ಕಳಿಸಿದ್ರಿ. ಅದರಿಂದ್ಲೇ ನಾನು ನೆಟ್ಟಗೆ ನಾಲ್ಕು ಸಾಲು ಬರೆಯೋದು ಕಲ್ತೆ. ಥ್ಯಾಂಕ್ಸ್."

ಹೆಡ್ ಕ್ಲರ್ಕು ತಮ್ಮ ಕುರ್ಚಿಯನ್ನೇ ತಂದು ಕೋಚನ್ನು ಕೂರಿಸಿದರು. ಫ್ಯಾನನ್ನು ಅವರ ಕಡೆ ತಿರುಗಿಸಿದರು. ಕುಡಿಯಲು ನೀರು ಕೊಟ್ಟು, ಲೋಟ ಹಿಡಿದ ಕೈ ನಡುಗುತ್ತಿದೆಯೇ ಎಂದು ಗಮನಿಸಿದರು. ನಡುಗುತ್ತಿತ್ತು. ಅದು ಹೆಡ್ ಕ್ಲರ್ಕಿನ ಕೈ.

ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟರು ಒಂಬತ್ತು ವರ್ಷದ ಹಿಂದೆ ಎರವಲು ಒಯ್ದಿದ್ದ ಸ್ಟಾಪ್‌ವಾಚನ್ನು ಕೇಳದೆಯೇ ತಂದು ಕೊಟ್ಟರು. ಮೈದಾನದಲ್ಲಿ ಗಿಡ ನೆಡಬೇಕೆಂದು ಎರಡು ದಶಕ ಹಟ ಹಿಡಿದಿದ್ದ ಸಸ್ಯಶಾಸ್ತ್ರದವರು, "ನೀವೇ ಸರಿ, ನಿಮ್ಮದೇ ಮೈದಾನ" ಎಂದು ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕೋಚಿಗೆ ಬೆರಗಾಯಿತು. ಜನ ಇಷ್ಟು ಒಳ್ಳೆಯವರೆಂದು ಗೊತ್ತಿದ್ದರೆ ಮೂವತ್ತೊಂದು ವರ್ಷದ ಹಿಂದೆಯೇ ಶುರು ಮಾಡಬಹುದಿತ್ತಲ್ಲ ಎಂದುಕೊಂಡರು.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲ್ ಮೇಡಂ ಪರೀಕ್ಷೆ ಬಂದಾಗಲೆಲ್ಲ ಕೋರ್ಟಿನ ಮೇಲೆ ಬೆಂಚು ಹಾಕಿಸುವುದು, ಕೋಚ್ ಅದನ್ನು ಹೊರಗೆ ಹಾಕಿಸುವುದು ಹನ್ನೊಂದು ವರ್ಷದಿಂದ ನಡೆದುಬಂದ ವ್ಯವಹಾರ.

"ಮೇಡಂ, ನಿಮ್ಮ ಜೊತೆ ಜಗಳ ಆಡಿ ಆಡಿಯೇ ನಾನು ಗಟ್ಟಿಯಾದೆ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಎಂದೋ ವರ್ಗ ಮಾಡಿಸ್ತಿದ್ರು. ನೀವು ಇಟ್ಕೊಂಡ್ರಿ. ಅದನ್ನ ಮರೆಯಲ್ಲ. ಥ್ಯಾಂಕ್ಸ್."

ಇದು ಕೋಚ್ ಅಂದು ಆಡಿದ ಮಾತುಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು. ಮೇಡಂ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹೊರಗೆ ನೋಡಿದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

"ಸಂಜೆ ಸಭೆಗೆ ನೀವೂ ಬನ್ನಿ. ಮೂರನೇ ಮಹಡಿ ಹತ್ತೋದು ಬೇಡ. ಸಭೆಯನ್ನೇ ಕೆಳಗೆ ಮಾಡೋಣ" ಎಂದರು.

ಒಂದು ಥ್ಯಾಂಕ್ಸಿಗೆ ಆಡಳಿತ ಸಮಿತಿ ಮೂರು ಮಹಡಿ ಇಳಿಯುವುದಾದರೆ, ನಾಲ್ಕು ತಿಂಗಳು ಯಾವ ಲೆಕ್ಕ? ಕೋಚ್ ಹಗುರಾಗಿ ಹೊರಬಂದರು. ಹಿಂದೆಯೇ ಹೆಡ್ ಕ್ಲರ್ಕು ಎರಡು ಹೆಜ್ಜೆ ಅಂತರದಲ್ಲಿ, ಬಿದ್ದರೆ ಹಿಡಿಯಲು ಕೈಚಾಚಿಕೊಂಡು ನಡೆದು ಬಂದರು.

ನಾಲ್ಕಕ್ಕೆ ಸರಿಯಾಗಿ ಸಭೆ ಸೇರಿತು. ಅಧ್ಯಕ್ಷರು ಎದ್ದು ನಿಂತರು. ಅವರು ನಿಂತದ್ದು ನೋಡಿ ಎಲ್ಲರೂ ನಿಂತರು. ಕೂತಿದ್ದವರು ಕೋಚ್ ಒಬ್ಬರೇ, ಅವರನ್ನು ಏಳಲು ಬಿಡಲಿಲ್ಲ.

"ಸಮಿತಿ ಎರಡು ತೀರ್ಮಾನ ಮಾಡಿದೆ," ಎಂದು ಅಧ್ಯಕ್ಷರು ಕಾಗದ ನೋಡಿ ಓದಿದರು. "ಒಂದು, ವಾಲಿಬಾಲ್ ಕೋರ್ಟಿಗೆ ಇನ್ನು ಮುಂದೆ ಕೋಚ್ ಅವರ ಹೆಸರು. ಎರಡು, ಅವರಿಗೆ ನಾಳೆಯಿಂದಲೇ ಪೂರ್ಣ ವಿಶ್ರಾಂತಿ. ಟೀಮಿನ ಹೊಣೆ ಅಸಿಸ್ಟೆಂಟ್ ಕೋಚ್ ಅವರದು."

ಅಸಿಸ್ಟೆಂಟ್ ಎಂದರೆ ಕೋಚಿನ ಹಳೆಯ ಶಿಷ್ಯೆ, ಆರಡಿ ಎತ್ತರದ ಹೆಂಗಸು, ಎಲ್ಲರ ಬಾಯಲ್ಲಿ ಏಣಿ. ಅವಳು ಮೂಲೆಯಲ್ಲಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡಿದ್ದಳು.

"ನನ್ನ ಅರ್ಜಿ?" ಎಂದರು ಕೋಚ್.

"ಇಂಥ ಕಾಯಿಲೆಯಲ್ಲಿ ನಿಮ್ಮ ಕೈಲಿ ದುಡಿಸೋದು ಪಾಪ ಅಲ್ವಾ ಸಾರ್?" ಎಂದರು ಹೆಡ್ ಕ್ಲರ್ಕು.

"ಯಾರಿಗೆ ಕಾಯಿಲೆ?"

ಎಲ್ಲರೂ ನೆಲ ನೋಡಿದರು. ನೆಟ್ಟಣ್ಣ ಬಾಗಿಲ ಬಳಿಯಿಂದ ಮೆಲ್ಲಗೆ, "ಬೆಳಿಗ್ಗೆ ನೀವೇ ಥ್ಯಾಂಕ್ಸ್ ಹೇಳಿದ್ರಲ್ಲ ಸಾರ್" ಎಂದ.

ಕೋಚ್ ಕುರ್ಚಿಯಿಂದ ಎದ್ದರು. ಆಮೇಲೆ ಮೂವತ್ತೊಂದು ವರ್ಷದ ಗಂಟಲು ತೆರೆಯಿತು. ಇಡೀ ಸಮಿತಿ ಆರು ಜನರ ಕೋರ್ಟಿನಲ್ಲಿ ಹದಿನಾರು ಜನ ನಿಂತ ಹಾಗಿದೆ ಎಂದರು. ಬಾಲ್ ಇನ್ನೂ ಗಾಳಿಯಲ್ಲಿರುವಾಗಲೇ ಪಾಯಿಂಟ್ ಕೊಟ್ಟ ರೆಫರಿ ಎಂದು ಅಧ್ಯಕ್ಷರನ್ನು, ಎಲ್ಲರಿಗಿಂತ ಮೊದಲು ಓಡಿ ಎಲ್ಲರಿಗಿಂತ ತಪ್ಪು ಜಾಗದಲ್ಲಿ ನಿಲ್ಲುವವರು ಎಂದು ಹೆಡ್ ಕ್ಲರ್ಕನ್ನು ಬೈದರು. ಕಿಟಕಿಯ ಗಾಜು ಗಡಗಡಿಸಿತು.

ಬೈಸಿಕೊಂಡವರ ಮುಖ ಒಂದೊಂದಾಗಿ ಅರಳಿತು. "ಹುಷಾರಾಗಿದಾರೆ, ಪೂರ್ತಿ ಹುಷಾರಾಗಿದಾರೆ" ಎಂದು ಹೆಡ್ ಕ್ಲರ್ಕು ಪಕ್ಕದವರ ಕೈ ಕುಲುಕಿದರು. ಏಣಿ ಕರ್ಚೀಫು ತೆಗೆದು ನಕ್ಕಳು. ಫಿಸಿಕ್ಸ್ ಮೇಷ್ಟರು ಮಾತ್ರ ಸ್ಟಾಪ್‌ವಾಚಿನ ಬಗ್ಗೆ ಯೋಚಿಸುತ್ತಿದ್ದಂತೆ ಕಂಡಿತು. ಕೋಚ್ ಬೈಗುಳದ ಮಧ್ಯೆ ಉಸಿರು ಎಳೆದುಕೊಳ್ಳಲು ನಿಂತಾಗ ಈ ಮುಖಗಳನ್ನೆಲ್ಲ ನೋಡಿದರು. ತಾನು ಬದುಕಿರುವುದಕ್ಕೆ ಇಷ್ಟು ಜನ ಖುಷಿಪಡುವುದನ್ನು ನೋಡಿದ ಮನುಷ್ಯ ಬಹಳ ಹೊತ್ತು ಬೈಯಲಾರ. ಅವರು ಕೂತರು.

ಪ್ರಿನ್ಸಿಪಾಲ್ ಮೇಡಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ವಿಷಯ. ನಿಮ್ಮ ಆದೇಶಕ್ಕೆ ಬೆಳಿಗ್ಗೆ ಒಂಬತ್ತಕ್ಕೇ ನಾನೂ ಅಧ್ಯಕ್ಷರೂ ಸಹಿ ಹಾಕಿದ್ವಿ. ಸಭೆ ಬರೀ ಲೆಕ್ಕಕ್ಕೆ. ನೀವು ಕೇಳಿದ್ದು ನಾಲ್ಕು ತಿಂಗಳು, ನಾವು ಕೊಟ್ಟಿದ್ದು ಒಂದು ವರ್ಷ. ನಿಮ್ಮನ್ನ ಬಿಟ್ಟು ಆ ಕೋರ್ಟನ್ನ ಯಾರೂ ಊಹಿಸ್ಕೊಳ್ಳೋಕೂ ಆಗಲ್ಲ."

"ಆ ಆದೇಶ ಎಲ್ಲಿ?"

"ನೀವು ಬಂದು ಥ್ಯಾಂಕ್ಸ್ ಹೇಳಿ ಹೋದ್ರಲ್ಲ. ನನ್ನ ಕೈಯಾರೆ ಹರಿದೆ."

"ಇನ್ನೊಂದು ಬರೆದುಕೊಡಿ ಮೇಡಂ."

ಮೇಡಂ ಹೆಡ್ ಕ್ಲರ್ಕಿನ ಮುಖ ನೋಡಿದರು. ಹೆಡ್ ಕ್ಲರ್ಕು ಗಂಟಲು ಸರಿಮಾಡಿಕೊಂಡರು. ಫೈನಲಿನ ಬೆಂಚಿನಲ್ಲಿ ಕೂರುವವರ ಹೆಸರು ಕೊಡಲು ಅಂದು ಮೂರು ಗಂಟೆ ಕೊನೆಯ ಗಡುವು. ಮೂರಕ್ಕೆ ಐದು ನಿಮಿಷವಿರುವಾಗ ಅವರೇ ಖುದ್ದು ಪಂದ್ಯಾವಳಿಯ ಕಚೇರಿಗೆ ಹೋಗಿ ಏಣಿಯ ಹೆಸರು ಬರೆಸಿ ಬಂದಿದ್ದರು. ಕೊಟ್ಟ ಹೆಸರು ಬದಲಾಗುವುದಿಲ್ಲವೆಂದು ಯಾರೂ ಕೋಚಿಗೆ ಹೇಳಬೇಕಾಗಿರಲಿಲ್ಲ. ಆ ನಿಯಮವನ್ನು ಆ ಕಾಲೇಜಿಗೆ ಕಲಿಸಿದ್ದೇ ಅವರು. ಬೆಂಚೇ ಇಲ್ಲದ ಮೇಲೆ ಹೊಸ ಆದೇಶವನ್ನು ಅವರು ಮತ್ತೆ ಕೇಳಲಿಲ್ಲ. "ಹಾಗೇ, ಕೋರ್ಟಿನ ಹೆಸರಿನ ವಿಷಯ," ಎಂದು ಅಧ್ಯಕ್ಷರು ಸಂಕೋಚದಿಂದ ಸೇರಿಸಿದರು, "ಬದುಕಿರೋರ ಹೆಸರು ಇಡೋ ಪದ್ಧತಿ ನಮ್ಮಲ್ಲಿಲ್ಲ. ನೀವು ತಪ್ಪು ತಿಳ್ಕೋಬಾರದು."

ಕೋಚ್ ತಪ್ಪು ತಿಳಿಯಲಿಲ್ಲ. ಏಣಿಯನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಕಡ್ಡಿಯ ಬೆರಳು, ಎದುರಿನ ಟೀಮಿನ ಎಡಗೈ ಹುಡುಗಿ, ಐದನೆಯ ಸೆಟ್ಟಿನ ಉಸಿರು, ತನಗೆ ಗೊತ್ತಿದ್ದುದನ್ನೆಲ್ಲ ಕತ್ತಲಾಗುವ ತನಕ ಹೇಳಿಕೊಟ್ಟರು. ಅವಳು ಬರೆದುಕೊಂಡಳು. ತಪ್ಪು ಬರೆದಲ್ಲಿ ಬೈಸಿಕೊಂಡಳು.

ಹನ್ನೆರಡನೆಯ ದಿನ ಕೋಚ್ ನಿವೃತ್ತರಾದರು. ಅದಾದ ವಾರಕ್ಕೆ ಟೀಮು ಫೈನಲನ್ನು ನೇರ ಮೂರು ಸೆಟ್ಟಿನಲ್ಲಿ ಗೆದ್ದಿತು. ಕೋಚ್ ಟಿಕೆಟ್ ತೆಗೆದುಕೊಂಡು ಹೆಂಡತಿಯ ಜೊತೆ ಗ್ಯಾಲರಿಯಲ್ಲಿ ಕೂತು ನೋಡಿದರು. ಕಪ್ಪಿನ ಮೇಲೆ, ಕೋಚ್ ಎಂದಿರುವ ಕಡೆ, ಏಣಿಯ ಹೆಸರಿದೆ.