ಚಾಕಲೇಟು ತಿಂದವರು ಯಾರು?

ಸಂತೆಕಟ್ಟೆಯಲ್ಲಿ ನಾಯಿ, ಬೆಕ್ಕುಗಳ ಕ್ಲಿನಿಕ್ ಇಟ್ಟುಕೊಂಡಿರುವ ನನಗೆ, "ಡಾಕ್ಟ್ರೇ, ನಾಯಿ ಚಾಕಲೇಟು ತಿಂತು!" ಎಂಬ ಫೋನ್ ಬಾರದ ವಾರವೇ ಇಲ್ಲ. ಚಾಕಲೇಟು ನಾಯಿಗೆ ವಿಷ. ಯಾವ ಚಾಕಲೇಟು, ಎಷ್ಟು ತಿಂದಿದೆ, ನಾಯಿಯ ತೂಕವೆಷ್ಟು ಎಂದು ಹೇಳಿ ಕೂಡಲೇ ಕರೆತಂದರೆ ಸಾಕು. ಆದರೆ ಈ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರು ಇನ್ನೂ ಹುಟ್ಟಬೇಕಷ್ಟೆ.

ತೂಕದ ಲೆಕ್ಕ

ಅಲೆವೂರಿನಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. ನಾಯಿ ತೂಕದ ಮಷಿನ್ ಮೇಲೆ ನಿಲ್ಲುವುದಿಲ್ಲವಂತೆ.

"ನೀವೇ ಎತ್ತಿಕೊಂಡು ನಿಲ್ಲಿ" ಎಂದೆ.

"ತೊಂಬತ್ತೊಂದು ಕಿಲೋ ತೋರಿಸ್ತಾ ಉಂಟು."

"ಅದರಲ್ಲಿ ನಿಮ್ಮದೆಷ್ಟು?"

ಆಕೆ ಸಣ್ಣ ದನಿಯಲ್ಲಿ, "ಐವತ್ತೆಂಟು ಅಂತ ಇಟ್ಕೊಳ್ಳಿ."

"ಹಾಗಾದ್ರೆ ನಾಯಿ ಮೂವತ್ತಮೂರು ಕಿಲೋ. ದೊಡ್ಡ ನಾಯಿ, ಹೆದರಬೇಡಿ. ಯಾವ ಜಾತಿಯದ್ದು?"

"ಪೊಮೆರೇನಿಯನ್."

ಐದಾರು ಕಿಲೋ ದಾಟದ ಪುಟ್ಟ ಜಾತಿ ಅದು; ಈಗ ಹೆದರಿದ್ದು ನಾನು. ಕೂಡಲೇ ಹೊರಟು ಬನ್ನಿ ಎಂದೆ.

ಓದಿದವರು

ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಮೂವರು ಹುಡುಗಿಯರು ರಿಕ್ಷಾದಲ್ಲಿ ಬಂದು ಇಳಿದರು. ಒಬ್ಬಳ ಕೈಯಲ್ಲಿ ಎರಡು ಪುಟದ ವರದಿ. ನಾಯಿ ಎಷ್ಟು ಗಂಟೆಗೆ ತಿಂದಿತು, ನಿಮಿಷಕ್ಕೆ ಎದೆ ಎಷ್ಟು ಸಲ ಬಡಿಯಿತು, ಎಲ್ಲವೂ ಇತ್ತು. ಇನ್ನೊಬ್ಬಳು ಚಾಕಲೇಟಿನ ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೋಪಾನವಾಗಿ ತಂದಿದ್ದಳು. ನನಗೆ ಖುಷಿಯೋ ಖುಷಿ. ಬಂದರಲ್ಲ, ಉತ್ತರ ಹೇಳುವವರು!

"ಭೇಷ್. ನಾಯಿ ಎಲ್ಲಿ?"

ಮೂವರೂ ತಿರುಗಿ ರಿಕ್ಷಾದೊಳಗೆ ಇಣುಕಿದರು. ನಾಯಿ ರೂಮಿನಲ್ಲೇ ಉಳಿದಿತ್ತು.

ಇನ್ನಂಜೆಯ ಅಜ್ಜಿ

ದುಬೈಯಿಂದ ರಜೆಯಲ್ಲಿ ಬಂದಿದ್ದ ಇನ್ನಂಜೆಯವರೊಬ್ಬರು ಅಳುವುದೊಂದೇ ಬಾಕಿ ಎಂಬ ದನಿಯಲ್ಲಿ ಫೋನ್ ಮಾಡಿದರು. "ಟೈಗರ್ ಮಲಗುವ ಜಾಗದಲ್ಲಿ ಇಪ್ಪತ್ತೆರಡು ಚಾಕಲೇಟಿನ ಕಾಗದ ಸಿಕ್ಕಿತು. ಎಲ್ಲ ಕಪ್ಪು ಚಾಕಲೇಟು. ನಾಯಿ ಉಳೀತದಾ ಡಾಕ್ಟ್ರೇ?" ಅವರ ಕಾರು ಗ್ಯಾರೇಜಿನಲ್ಲಿತ್ತು. ನಾನೇ ಓಡಿದೆ.

ಹೋಗಿ ನೋಡಿದರೆ ಟೈಗರ್ ಬಾಲ ಅಲ್ಲಾಡಿಸುತ್ತ ನನ್ನ ಚಪ್ಪಲಿ ಕಚ್ಚಲು ಬಂತು. ಅಷ್ಟು ಚಾಕಲೇಟು ತಿಂದ ನಾಯಿಯ ಲಕ್ಷಣವಲ್ಲ ಇದು. ಆದರೂ ಬಿಡುವ ಹಾಗಿಲ್ಲ. "ಸೂಜಿ ಕೊಟ್ಟು ವಾಂತಿ ಮಾಡಿಸಬೇಕು. ಆಮೇಲೆ ಎರಡು ದಿನ ಕ್ಲಿನಿಕ್ಕಿನಲ್ಲಿ ಡ್ರಿಪ್ಸ್" ಎಂದೆ.

ಮಗ ನಾಯಿಯನ್ನು ಗಟ್ಟಿಯಾಗಿ ಹಿಡಿದರು. ಅವರ ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಟೈಗರ್ ಎಂದರೆ ಅಜ್ಜಿಗೆ ಪ್ರಾಣ. ನಾನು ಸಿರಿಂಜಿಗೆ ಮದ್ದು ಎಳೆದದ್ದೇ ತಡ, ಅಜ್ಜಿ ನಡುವೆ ಬಂದು ನಿಂತರು.

"ಅದಕ್ಕೆ ಚುಚ್ಚಬೇಡಿ ಮಾರಾಯ್ರೆ. ಅದು ಒಂದೂ ತಿಂದದ್ದಲ್ಲ."

"ಮತ್ತೆ ಯಾರು ತಿಂದದ್ದು?" ಎಂದರು ಮಗ.

ಅಜ್ಜಿ ನೆಲ ನೋಡಿದರು. "ದಿನಕ್ಕೆ ಎರಡೋ ಮೂರೋ ಅಷ್ಟೆ. ಕಾಗದ ಬಾವಿಯ ಹಿಂದೆ ಬಿಸಾಡ್ತಿದ್ದೆ. ಈ ಹಾಳಾದವ ಎಲ್ಲ ಹೆಕ್ಕಿ ತಂದು ರಾಶಿ ಹಾಕಿದ್ದು!"

"ಅಮ್ಮ! ನಿಮಗೆ ಶುಗರ್ ಮುನ್ನೂರು ಉಂಟು!"

ಅಜ್ಜಿ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಡಾಕ್ಟ್ರೇ, ಅದರ ಜೀವ ಉಳಿಸ್ಲಿಕ್ಕೆ ನನ್ನ ಮಾನ ಕಳ್ಕೊಂಡೆ. ಇನ್ನು ಒಂದೇ ಒಂದು ಚಾಕಲೇಟು ಮುಟ್ಟಿದ್ರೆ ಕೇಳಿ. ಈ ಮನೆಯಲ್ಲಿ ಒಂದೂ ಉಳಿದಿಲ್ಲ."

ನನಗೆ ಅಜ್ಜಿಯ ಮೇಲೆ ಪ್ರೀತಿ ಉಕ್ಕಿ ಬಂತು. ಮಗನ ಕೋಪವೂ ಇಳಿಯಿತು. ಹಿಡಿತ ಸಡಿಲಿಸಿ ನಾಯಿಯನ್ನು ಕೆಳಗೆ ಬಿಟ್ಟರು.

ಟೈಗರ್ ನೆಟ್ಟಗೆ ಅಜ್ಜಿಯ ಮಂಚದಡಿಗೆ ನುಗ್ಗಿ, ಇನ್ನೂ ಒಡೆಯದ ಒಂದು ಇಡೀ ಚಾಕಲೇಟು ಡಬ್ಬಿಯನ್ನು ಕಚ್ಚಿಕೊಂಡು ಬಂದು ಮಗನ ಕಾಲ ಬುಡದಲ್ಲಿ ಇಟ್ಟಿತು.