ರಾಗಿ ಕಲ್ಲೂ ಆಳೆತ್ತರದ ಪಿಟೀಲೂ

ಮನುಷ್ಯ ತೀರ ಎತ್ತರವಾಗಿ ಹುಟ್ಟಬಾರದು. ಎತ್ತರದವನನ್ನು ಯಾರೂ ‘ನಿನಗೇನು ಬರುತ್ತದಪ್ಪ’ ಎಂದು ಕೇಳುವುದಿಲ್ಲ. ‘ಅಟ್ಟದ ಮೇಲಿನ ಮಡಕೆ ಇಳಿಸು’ ಎನ್ನುತ್ತಾರೆ. ಊರಿನಲ್ಲಿರುವಷ್ಟು ದಿನ ನನ್ನ ಆರಡಿ ಎರಡಂಗುಲಕ್ಕೆ ಸಿಕ್ಕ ಮರ್ಯಾದೆಯೆಂದರೆ ಕಂಡವರ ಹಿತ್ತಿಲಿನಲ್ಲಿ ನುಗ್ಗೆಕಾಯಿ ಕೀಳುವುದು. ಭಜನೆ ಮನೆಯಲ್ಲಿ ಅಷ್ಟಿಷ್ಟು ಪಿಟೀಲು ಕಲಿತಿದ್ದೆ. ಅದನ್ನೇ ನಂಬಿಕೊಂಡು ಮೈಸೂರಿಗೆ ಹೋಗಿ, ಅವರಿವರ ಕೈಕಾಲು ಹಿಡಿದು, ಅರಮನೆಯ ವಾದ್ಯಮೇಳದ ಮೇಷ್ಟ್ರ ಮುಂದೆ ನಿಂತೆ. ಬೆಂಗಳೂರು ದಂಡಿನಿಂದ ಬಂದ ಆ ಮೇಷ್ಟ್ರು ನನ್ನ ಪಿಟೀಲಿನ ಗಂಟು ಬಿಚ್ಚಲೂ ಬಿಡಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮೂಲೆಗೆ ಒರಗಿ ನಿಂತಿದ್ದ ದೈತ್ಯನೊಬ್ಬನ ಕಡೆ ಕೈ ತೋರಿಸಿದರು. ಹೀಗೆ ನಾನು ಡಬಲ್ ಬೇಸ್ ವಾದಕನಾದೆ. ನುಗ್ಗೆಮರ ಬದಲಾಯಿತು, ಅಷ್ಟೆ.

ಡಬಲ್ ಬೇಸ್ ಕಂಡಿಲ್ಲದವರಿಗೆ ಹೇಳುತ್ತೇನೆ. ಅದು ಪಿಟೀಲು ಮನೆತನದ ಮುತ್ತಜ್ಜ. ಆಳೆತ್ತರ ಇರುತ್ತದೆ, ಹೊಟ್ಟೆ ರಾಗಿ ತುಂಬುವ ವಾಡೆಯಷ್ಟಿರುತ್ತದೆ, ಪಕ್ಕದಲ್ಲಿ ನಿಂತು ತಬ್ಬಿಕೊಂಡು ನುಡಿಸಬೇಕು. ಕುದುರೆ ಬಾಲದ ಕೂದಲು ಕಟ್ಟಿದ ಕಮಾನಿನಿಂದ ಉಜ್ಜಬಹುದು, ಬೆರಳಿನಿಂದ ಮೀಟಲೂಬಹುದು. ಮೇಲೆ ಹತ್ತಾರು ಪಿಟೀಲುಗಳು ಕುಣಿಯುತ್ತಿರುವಾಗ ಕೆಳಗೆ ನೆಲದ ಹಾಗೆ ಇರುವುದೇ ಅದರ ಕೆಲಸ. ನನ್ನ ಕೈಯಲ್ಲಿ ಆ ನೆಲ ಕುಸಿಯುತ್ತಿತ್ತು. ಎಷ್ಟು ಅದುಮಿ ಉಜ್ಜಿದರೂ ಕೀರಲು ಸದ್ದು, ಎಷ್ಟು ಜೋರಾಗಿ ಮೀಟಿದರೂ ಚಟ್ ಎಂದು ಸತ್ತುಹೋಗುವ ಸದ್ದು. ಆರು ತಿಂಗಳು ಸಹಿಸಿಕೊಂಡ ಮೇಷ್ಟ್ರು ಒಂದು ದಿನ ತಾಳ ತೋರಿಸುವ ಕೋಲು ಕೆಳಗಿಟ್ಟರು.

“ನಿನಗೆ ಸ್ವರ ಬರ್ತದಪ್ಪ, ತಾಳ ಬರ್ತದೆ. ನಾದ ಬರೋದಿಲ್ಲ. ದಸರಾಕ್ಕೆ ಇನ್ನೊಂದು ತಿಂಗಳಿದೆ. ಉಗ್ರಾಣದಲ್ಲಿರೋ ಹಳೇದನ್ನ ತಗೊಂಡು ಊರಿಗೆ ಹೋಗು. ಹದಿನೈದು ದಿನ ಸಾಧಕ ಮಾಡು. ನಾದ ತುಂಬಿಕೊಂಡು ಬಂದ್ರೆ ಜಾಗ ನಿನ್ನದು. ಇಲ್ಲಾಂದ್ರೆ ವಾದ್ಯ ಒಪ್ಪಿಸಿ ಹೊರಡು.”

ಊರಿನಲ್ಲಿ ನಾನು ಮಹಾರಾಜರ ಕಣ್ಣೆದುರಿಗೇ ಪಿಟೀಲು ನುಡಿಸುತ್ತೇನೆಂದು ಎಲ್ಲರೂ ತಿಳಿದಿದ್ದರು. ತಿಳಿಸಿದವನು ನಾನೇ. ಕೆಲಸ ಹೋದರೆ ಮತ್ತೆ ಅದೇ ಹಿತ್ತಿಲುಗಳಲ್ಲಿ ಅದೇ ಜನರಿಗೆ ನುಗ್ಗೆಕಾಯಿ ಕಿತ್ತುಕೊಡಬೇಕು. ಆ ಭಯವನ್ನೂ ಮುತ್ತಜ್ಜನನ್ನೂ ಕಂಬಳಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದೆ. ಯುದ್ಧದ ಕಾಲ, ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸು. ಬಿಳಿಕೆರೆಯಲ್ಲಿ ನಿಂತಾಗ ಒಬ್ಬ ಮುದುಕ ಮೇಲೆ ನೋಡಿ, ರುಮಾಲು ತೆಗೆದು, “ಆಸ್ಪತ್ರೇಲೇ ತೀರ್ಕಂಡ್ರಾ ಸ್ವಾಮಿ? ಭಾಳ ಎತ್ತರದ ಆಳು” ಅಂದ. ಅಲ್ಲವೆಂದು ಹೇಳುವ ಚೈತನ್ಯ ನನಗಿರಲಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಎರಡು ಹರದಾರಿ ಗಾಡಿಯಲ್ಲಿ ಬಂದು ಮನೆ ಸೇರಿದೆವು.

ನಡುಮನೆಯಲ್ಲಿ ಸಾಧಕ ಶುರುವಾಯಿತು. ಹಲ್ಲು ಕಚ್ಚಿ, ಕಮಾನನ್ನು ಎರಡು ಕೈಯ ಬಲದಷ್ಟು ಒತ್ತಿ, ಬೆವರು ಸುರಿಸಿ ಉಜ್ಜಿದೆ. ಪಕ್ಕದ ಮನೆಯಾತ ಬೇಲಿಯಾಚೆಯಿಂದ, “ಎಮ್ಮೆ ಈಯ್ತಾ ಅದಾ? ಯಾರ್ನಾದ್ರೂ ಕರೀಲಾ?” ಎಂದು ಕೇಳಿದ. ಎಮ್ಮೆ ಕೊಟ್ಟಿಗೆಯಲ್ಲಿ ಸುಖವಾಗಿ ಮೆಲುಕು ಹಾಕುತ್ತಿತ್ತು. ನನ್ನ ಹೆಂಡತಿ ಚಿಕ್ಕತಾಯಮ್ಮ ಮಾತ್ರ ಏನೂ ಹೇಳಲಿಲ್ಲ. ಒಲೆ ಊದುತ್ತ, ಆಗಾಗ ನನ್ನ ಹೆಗಲಿನ ಕಡೆಗೊಮ್ಮೆ ನೋಡುತ್ತಿದ್ದಳು. ಅವಳು ಸುಮ್ಮನಿದ್ದರೆ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ.

ಎಂಟನೆಯ ದಿನ ಸಂತೆಗೆ ಹೋಗಿ ಬಂದೆ. ಜಗಲಿಯ ಬಿಸಿಲಿನಲ್ಲಿ ಅವ್ವ ಕೂತಿದ್ದಳು. ತೊಡೆಯ ಮೇಲೆ ನನ್ನ ಕಮಾನು, ಕೈಯಲ್ಲಿ ಬಾಚಣಿಗೆ, ಪಕ್ಕದಲ್ಲಿ ಹರಳೆಣ್ಣೆ ಬಟ್ಟಲು. ಕಮಾನಿನ ಕೂದಲು ತಂತಿಯನ್ನು ಹಿಡಿಯಬೇಕಾದರೆ ಅದಕ್ಕೆ ರಾಳ ಉಜ್ಜಬೇಕು. ಉಜ್ಜಿದಾಗ ಬಿಳಿಯ ಪುಡಿ ಉದುರುತ್ತದೆ. ಜಿಡ್ಡು ಸೋಕಿತೋ, ಅಲ್ಲಿಗೆ ಕಥೆ ಮುಗಿಯಿತು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ಅರಮನೇವ್ರಾದ್ರೆ ಏನು ಬಂತು ಕಣ್ಲಾ, ಒಂದು ಕೂದ್ಲು ನೋಡ್ಕೊಳಾಕೆ ಬರಾಕಿಲ್ಲ,” ಅಂದಳು ಅವ್ವ. “ಬರೀ ಹೊಟ್ಟು. ಮುಟ್ಟುದ್ರೆ ಉದ್ರ್ತದೆ. ಸೀಗೆಕಾಯಿ ಹಾಕಿ ತೊಳ್ದು ಎಣ್ಣೆ ಕುಡಿಸಿವ್ನಿ. ಈಗ ನೋಡು, ಎಂಗೆ ಮಿರಮಿರ ಅಂತದೆ.”

ನಿಜಕ್ಕೂ ಮಿರಮಿರ ಎನ್ನುತ್ತಿತ್ತು. ನಮ್ಮೂರಿನ ಯಾವ ಮದುವಣಗಿತ್ತಿಯ ಜಡೆಗೂ ಅಂಥ ಆರೈಕೆ ಆಗಿರಲಿಕ್ಕಿಲ್ಲ. ತಂತಿಯ ಮೇಲಿಟ್ಟು ಎಳೆದೆ. ಕಮಾನು ಈ ಕಡೆಯಿಂದ ಆ ಕಡೆಗೆ ಜಾರಿತು, ಸದ್ದೇ ಇಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಅವ್ವನಿಗೆ ಮಾತ್ರ ನಾನು ಅವಳ ಪ್ರೀತಿಗೆ ಕರಗಿದೆನೆಂದೇ ಸಂತೋಷವಾಯಿತು.

ಮಾರನೆಯ ದಿನದಿಂದ ಬೆರಳೇ ಗತಿ. ಮಧ್ಯಾಹ್ನದ ಹೊತ್ತಿಗೆ ಬೆರಳಿನ ತುದಿ ಬೊಬ್ಬೆ ಎದ್ದಿತು. ಆಗ ಚಿಕ್ಕತಾಯಮ್ಮ ಬಾಯಿ ಬಿಟ್ಟಳು.

“ಒಂದು ಮಾತು ಯೋಳ್ಲಾ? ಕ್ವಾಪ ಮಾಡ್ಕಬಾರ್ದು.”

“ಹೇಳು.”

“ಒಸಾ ಸೊಸೆ ಕಲ್ಲು ಬೀಸ್ದಂಗೆ ಮಾಡ್ತಿದ್ದೀರಿ ಕಣ್ರೀ. ಎಗಲು ಕಿವಿ ಮುಟ್ತಾವೆ. ಬರೀ ರಟ್ಟೇಲಿ ಎಳುದ್ರೆ ಇಟ್ಟು ತರಿತರಿ ಬತ್ತದೆ, ರಟ್ಟೆ ಬಿದ್ದೋಯ್ತದೆ. ಬನ್ನಿ ಇಲ್ಲಿ.”

ನಮ್ಮ ಕಡೆ ಗಂಡಸು ರಾಗಿ ಕಲ್ಲಿನ ಮುಂದೆ ಕೂರುವುದಿಲ್ಲ. ಕೂತದ್ದನ್ನು ಯಾರಾದರೂ ಕಂಡರೆ ಅವನ ಮೊಮ್ಮಕ್ಕಳಿಗೂ ‘ರಾಗಿ ಬೀಸಿದವನ ಮನೆಯವರು’ ಎಂಬ ಹೆಸರು ತಪ್ಪುವುದಿಲ್ಲ. ಆದರೆ ಕೆಲಸ ಕಳೆದುಕೊಳ್ಳಲಿದ್ದವನಿಗೆ ಮಾನದ ಚಿಂತೆ ಎಷ್ಟು ಹೊತ್ತು? ಬಾಗಿಲು ಹಾಕಿಸಿ ಕೂತೆ. ಗೂಟ ಹಿಡಿದು ಬಲವಾಗಿ ಎಳೆದೆ. ಕಲ್ಲು ಗರಗರ ಎಂದು ಕೂಗಿ ಅರ್ಧಕ್ಕೇ ನಿಂತಿತು. ಅವಳು ಹಿಂದೆ ನಿಂತು ನನ್ನ ಎರಡೂ ಹೆಗಲನ್ನು ಕೆಳಗೆ ಒತ್ತಿದಳು.

“ಕಲ್ಲಿಗೇ ಭಾರ ಅದೆ, ನೀವ್ಯಾಕೆ ಅಮುಕ್ತೀರಿ? ಸೊಂಟದಿಂದ ವಾಲಿ. ತೋಳು ಸುಮ್ಕೆ ಇಳೇ ಬುಡಿ. ಕಲ್ಲು ತಿರ್ಗಾಕೆ ಒಂಟ್ಮೇಲೆ ಅದ್ರ ಜತೇಲಿ ಓಗಿ.”

ಹೊತ್ತು ಹಿಡಿಯಿತು. ನೆಂಟರಿಗಾದರೆ ಬಡಿಸಲಾಗದಂಥ ಹಿಟ್ಟು ಒಂದು ಮೊರದಷ್ಟು ಬಿತ್ತು. ಆಮೇಲೆ ಯಾವಾಗಲೋ ಕಲ್ಲಿನ ಸದ್ದೇ ಬದಲಾಯಿತು. ಗರಗರ ಹೋಗಿ, ಒಳಗಿನಿಂದ ಬರುವ ಒಂದು ತುಂಬಿದ ಗುಂಯ್ ಉಳಿಯಿತು. ಪ್ರತಿ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಕಂಬಳಿಯೊಳಗೆ ಮಲಗಿ ನಾನು ಹುಟ್ಟಿದಾಗಿನಿಂದ ಕೇಳಿದ್ದ ಸದ್ದು ಅದು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಮುತ್ತಜ್ಜನನ್ನು ತಬ್ಬಿಕೊಂಡೆ. ಹೆಗಲು ಇಳಿಸಿದೆ. ಬೆರಳಿನ ತುದಿಯಿಂದ ಕೀಳುವ ಬದಲು ಬೆರಳನ್ನು ಅಡ್ಡಲಾಗಿಟ್ಟು ತೋಳಿನ ಭಾರವನ್ನೆಲ್ಲ ತಂತಿಗೆ ಬಿಟ್ಟು ಮೆಲ್ಲಗೆ ಎಳೆದೆ. ನಡುಮನೆಯ ಕಂಬ ಅದುರಿತು. ಅಡಿಗೆಮನೆಯ ಕಂಚಿನ ತಟ್ಟೆ ತಾನಾಗಿ ಝುಂಯ್ ಎಂದಿತು.

“ಈಗ ಇಟ್ಟು ನುಣ್ಗೆ ಬಿತ್ತು,” ಅಂದಳು ಚಿಕ್ಕತಾಯಮ್ಮ.

ಮೈಸೂರಿನಲ್ಲಿ ಮೇಷ್ಟ್ರ ಮುಂದೆ ಕಮಾನು ಹೊರತೆಗೆಯುವ ಧೈರ್ಯವಾಗಲಿಲ್ಲ. ಬೆರಳಿನಲ್ಲೇ ನಾಲ್ಕು ಸ್ವರ ನುಡಿಸಿದೆ. ಅವರು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋದರು, ಅಲ್ಲಿಂದ ಬಾಗಿಲ ಹತ್ತಿರ ಹೋದರು, ಕೋಣೆಯ ಎಲ್ಲ ಮೂಲೆಗಳಲ್ಲೂ ನಿಂತು ಕೇಳಿದರು. ಆಮೇಲೆ, “ಕಮಾನು?” ಎಂದರು. ತೋರಿಸಿದೆ. ಮೂಸಿ ನೋಡಿದರು. ನಾನು ಅವ್ವನ ಸೀಗೆಕಾಯಿ, ಎಣ್ಣೆ, ಬಾಚಣಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರ ಮುಖ ಕೆಂಪಗಾಯಿತು, ಹೊಟ್ಟೆ ಕುಲುಕಿತು, ಕಡೆಗೆ ಕಣ್ಣೊರೆಸಿಕೊಳ್ಳುತ್ತ ಬೇರೆ ಕಮಾನು ಕೊಟ್ಟರು. ಅದನ್ನೂ ಅಮುಕದೆ, ತೋಳು ಇಳಿಬಿಟ್ಟು ಎಳೆದೆ. ಹೊಸ ಅಕ್ಕಿ ಅನ್ನ ಉಕ್ಕಿ ಬಂದ ಹಾಗೆ ನಾದ ಬಂತು. “ಜಾಗ ನಿನ್ನದು. ಯಾರಪ್ಪ ಹೇಳಿಕೊಟ್ಟದ್ದು?” ಎಂದರು. ಎದೆಯ ಮೇಲಿದ್ದ ಬಂಡೆ ಉರುಳಿಹೋದ ಆ ಗಳಿಗೆಯಲ್ಲಾದರೂ ನಿಜ ಹೇಳಬಹುದಿತ್ತು. “ಯಾರೂ ಇಲ್ಲ ಸಾರ್, ಸಾಧಕ” ಎಂದುಬಿಟ್ಟೆ.

ದಸರಾಕ್ಕೆ ಚಿಕ್ಕತಾಯಮ್ಮ ಬಂದಿದ್ದಳು. ಜನಜಂಗುಳಿಯ ಆಚೆ, ದೂರದ ಕಟ್ಟೆಯೊಂದರ ಮೇಲೆ ಕೂತು ಕೇಳಿದಳಂತೆ. ಹೇಗಿತ್ತೆಂದು ಕೇಳಿದೆ. “ನಿಮ್ದು ಯಾವ್ದು ಅಂತ ಗೊತ್ತಾಗ್ನಿಲ್ಲ. ಆದ್ರೆ ಕೂತಿದ್ದ ಕಲ್ಲು ಅದುರ್ತಿತ್ತು. ಸದ್ಯ, ಕೆಲ್ಸ ಉಳೀತು ಅಂದ್ಕಂಡೆ,” ಅಂದಳು. ಈ ಇಷ್ಟು ವರ್ಷದಲ್ಲಿ ಯಾವ ದೊಡ್ಡ ಮನುಷ್ಯರ ಮೆಚ್ಚುಗೆಯೂ ನನಗೆ ಅಷ್ಟು ಹಿತವಾಗಿಲ್ಲ.

ಅಂದಿನಿಂದ ರಜಕ್ಕೆ ಊರಿಗೆ ಹೋದಾಗಲೆಲ್ಲ ಮನೆಯ ರಾಗಿ ಬೀಸುವ ಪಾಳಿ ನನ್ನದು. “ಕೈ ಮರ್ತೋದಾತು” ಎನ್ನುತ್ತಾಳೆ ಪತ್ನಿಯೂ ಗುರುವೂ ಆದ ಆ ಮಹಾತಾಯಿ. ನಾನು ಮಾನಕ್ಕೆ ಹೆದರಿ, ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ ಬೀಸುತ್ತೇನೆ. ಏನು ಪ್ರಯೋಜನ? ನನ್ನ ನಾದ ಈಗ ತುಂಬಿದ ನಾದ. ಬಾಗಿಲು ತೆಗೆದು ಹೊರಗೆ ಬಂದರೆ ಬೇಲಿಯಾಚೆಯ ಆಸಾಮಿ ನಗುತ್ತ ನಿಂತಿರುತ್ತಾನೆ: “ಇವತ್ತು ಒಂದೂವರೆ ಸೇರು ಆಗಿರ್ಬೇಕಲ್ಲಾ, ಅರಮನೆ ಸಾಮಿ?”