ನಮ್ಮ ಊಟದ ಮೇಜಿನಲ್ಲಿ ‘ಗಿಂತ’ ನಿಷೇಧ

ಅಡುಗೆಮನೆಯಿಂದ ಬಿಡುಗಡೆಯಾದ ಹೆಂಗಸು ಪುಸ್ತಕ ಬರೆದು ಮುಗಿಸಬಹುದೆಂದು ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವರು ನಮ್ಮ ಮನೆಯವರು ಮತ್ತು ಅವರ ಅಕ್ಕ.

ಪುಸ್ತಕದ ವಿಷಯ, ಭಾಷೆಗಳು ಹೋಲಿಸುವ ಬಗೆ. ಕೆಲವು ಭಾಷೆಗಳಲ್ಲಿ ಗುಣವಾಚಕವೇ ಬಾಲ ಬೆಳೆಸಿಕೊಳ್ಳುತ್ತದೆ. ಕೆಲವು ಕಡೆ ‘ಇದು ದೊಡ್ಡದು, ಅದು ಚಿಕ್ಕದು’ ಎಂದು ಎರಡು ಮಾತಾಡಿ ಸುಮ್ಮನಾಗುತ್ತಾರೆ. ನಮ್ಮ ಗುಣವಾಚಕ ಮಾತ್ರ ಸ್ಥಿತಪ್ರಜ್ಞ. ತಾನು ಅಲುಗುವುದಿಲ್ಲ, ಸೋತವರ ಬೆನ್ನಿಗೆ ಒಂದು ‘ಗಿಂತ’ ಅಂಟಿಸಿ ಕಳಿಸುತ್ತದೆ.

ಇವರು ನಿವೃತ್ತರಾದ ಮೇಲೆ ಅಡುಗೆ ಕಲಿತರು. ಅತ್ತಿಗೆ ನಮ್ಮಲ್ಲಿಗೇ ಬಂದು ನೆಲೆಸಿದ ಮೇಲೆ ಮಧ್ಯಾಹ್ನದ ಒಲೆ ಅವರದು, ಸಂಜೆಯದು ಇವರದು. ತಿನ್ನುವುದಷ್ಟೇ ನನ್ನ ಪಾಲು. (ಇದಕ್ಕೆ ಸ್ವರ್ಗ ಎನ್ನುತ್ತಾರೆ.)

“ಏನೇ, ಆಲೂಗಡ್ಡೆ ಹೇಗಿದೆ?”

“ಚೆನ್ನಾಗಿದೆ.”

“ಮಧ್ಯಾಹ್ನದ್ದಕ್ಕಿಂತ?”

ಅತ್ತಿಗೆಯ ಕೈ ತಟ್ಟೆಯ ಮೇಲೇ ನಿಂತಿತು. “ಹೇಳಲಿ ಬಿಡೋ, ನಾನೇನು ಬೇಜಾರು ಮಾಡ್ಕೊಳ್ತೀನಾ?” ಎಂದರು, ಆಗಲೇ ಬೇಜಾರು ಮಾಡಿಕೊಂಡು.

ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡರೂ ಒಲೆ ನನ್ನ ತಲೆಗೆ ಬರುತ್ತದೆ, ಪುಸ್ತಕ ಅಟ್ಟಕ್ಕೆ ಹೋಗುತ್ತದೆ. ಕೂಡಲೇ ರಾಜಾಜ್ಞೆ ಹೊರಡಿಸಿದೆ: “ಇನ್ನು ಈ ಮೇಜಿನಲ್ಲಿ ಯಾರೂ ‘ಗಿಂತ’ ಅನ್ನಕೂಡದು.”

ಮಾರನೆಯ ದಿನ ಅತ್ತಿಗೆ, “ನಾನು ಉಪ್ಪು ಹಾಕ್ತೀನಪ್ಪ. ಕೆಲವರು ಸುರೀತಾರೆ,” ಎಂದರು.

“ನನ್ನ ತರಕಾರಿ ಬೇಯುತ್ತೆ. ಕೆಲವರದು ಅತ್ತು ಕರಗುತ್ತೆ,” ಎಂದರು ಇವರು.

‘ಗಿಂತ’ ಎಲ್ಲೂ ಇರಲಿಲ್ಲ, ಯುದ್ಧ ಇತ್ತು. ನನ್ನೊಳಗಿನ ಪಂಡಿತೆ ಉದಾಹರಣೆ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಅತ್ತಿಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಮಗಳ ಮನೆಗೆ ಹೋಗ್ತೀನಿ.”

“ಹೋಗು. ನಾನೂ ಸೌಟು ಕೆಳಗಿಟ್ಟೆ!”

“ಇಬ್ಬರೂ ಕೂತ್ಕೊಳ್ಳಿ,” ಎಂದೆ. “ಅಳತೆಗೋಲೇ ಇಲ್ಲದೆ ಏನು ಅಳೀತೀರಿ? ಇವತ್ತು ನಾನು ಮಾಡ್ತೀನಿ. ಅದರ ಪಕ್ಕದಲ್ಲಿ ನೀವೆಲ್ಲಿದ್ದೀರಿ ಅಂತ ನೀವೇ ನೋಡ್ಕೊಳ್ಳಿ.”

ಇಬ್ಬರ ಗರ್ವವೂ ಇಳಿಯುತ್ತದೆಂಬುದು ನನ್ನ ಎಣಿಕೆ. ನಾನು ಅಡುಗೆ ಮಾಡುತ್ತಿದ್ದಷ್ಟು ಕಾಲ ಯಾರೂ ತಕರಾರು ಎತ್ತಿದವರಲ್ಲ.

ಅತ್ತಿಗೆ ಒಂದು ತುತ್ತು ಬಾಯಿಗಿಟ್ಟು ತಮ್ಮನ ಮುಖ ನೋಡಿದರು. ತಮ್ಮ ನೀರು ಕುಡಿದರು.

“ಅಕ್ಕ, ನಿನ್ನ ಕೈಯಡುಗೆ ಅಮೃತ ಕಣೇ.”

“ನಿನ್ನ ಆಲೂಗಡ್ಡೆಗೇನಾಗಿತ್ತೋ! ರಾಜರಿಗೆ ಬಡಿಸಬಹುದು. ಪಾಪ, ಇಷ್ಟು ವರ್ಷ ಇದನ್ನ ಹೇಗೋ ತಿಂದೆ?” ಅತ್ತಿಗೆ ತಮ್ಮನ ಬೆನ್ನು ಸವರಿದರು. ಬ್ಯಾಗು ತಾನಾಗಿ ಒಳಗೆ ಹೋಯಿತು.

ಮನೆಯಲ್ಲಿ ಈಗ ಶಾಂತಿಯಿದೆ. ಆದರೆ ಅದರ ಬಾಳಿಕೆ ಒಂದು ವಾರ. ಮತ್ತೆ ಗೊಣಗಾಟ ಶುರುವಾಗುವ ಸೂಚನೆ ಕಂಡರೆ ಇಬ್ಬರೂ ಒಟ್ಟಾಗಿ ಬಂದು ನನ್ನ ಹಸ್ತಪ್ರತಿಯ ಮೇಲೆ ಸೌಟು ಇಡುತ್ತಾರೆ. “ಮನೆ ಉಳಿಸೋಕೆ ಒಂದು ಹೊತ್ತು ಮಾಡಮ್ಮ ತಾಯಿ.” ಪುಸ್ತಕ ನಾಲ್ಕನೆಯ ಅಧ್ಯಾಯದಲ್ಲೇ ಕೂತಿದೆ.

ಕಳೆದ ಭಾನುವಾರ ಹಟ ಹಿಡಿದೆ. ಉಪ್ಪನ್ನು ಚಮಚದಲ್ಲಿ ಅಳೆದು, ಗಡಿಯಾರ ನೋಡಿ ಒಲೆ ಆರಿಸಿ, ಸಂಶೋಧನೆಗೆ ಕೊಡುವಷ್ಟು ಶ್ರದ್ಧೆ ಕೊಟ್ಟು ಬಡಿಸಿದೆ. ಅತ್ತಿಗೆ ರುಚಿ ನೋಡಿದರು. ಮುಖ ಅರಳಿತು. ತಮ್ಮನ ಕಡೆ ವಾಲಿ ತೃಪ್ತಿಯಿಂದ ಹೇಳಿದರು:

“ಹೋದ ವಾರದ್ದೇ ವಾಸಿ ಕಣೋ.”